ಬೆಳಕಿನ ಮೇಲಿನ ದೂರು

ಮಡಿಕೇರಿ
24-6-2024

ಅಮ್ಮಾ,

ಪತ್ರವನ್ನು ಕ್ಷೇಮ ಎಂದು ಬರೆದು ಶುರು ಮಾಡಬೇಕು ಎಂದು ನೀನೇ ಕಲಿಸಿದ್ದೆ. ಇವತ್ತು ಆ ಪದ ಬರೆಯಲು ಕೈ ಬರುತ್ತಿಲ್ಲ. ಹಾಗೆಂದು ಗಾಬರಿಯಾಗಬೇಡ. ಮೊದಲು ಸುದ್ದಿ ಹೇಳಿಬಿಡುತ್ತೇನೆ. ಶುಕ್ರವಾರ ಬೆಳಿಗ್ಗೆ ನನಗೆ ಗಂಡು ಮಗು ಆಯಿತು. ಹೆರಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಸಲೀಸಾಗಿಯೇ ಆಯಿತು.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಾನು ನಿಮ್ಮ ಮಾತು ಮೀರಿ ಸಿದ್ಧಾರ್ಥನನ್ನು ಮದುವೆಯಾಗಿ ತಿತಿಮತಿಯಲ್ಲಿ ಅವನ ಬುಡಕಟ್ಟು ಜನರ ಹಾಡಿಗೆ ಬಂದ ವಾರವೇ ಅಪ್ಪ ನಿನ್ನನ್ನು ದೇವರ ಫೋಟೋ ಮುಂದೆ ನಿಲ್ಲಿಸಿ, ‘ಅವಳ ಜೊತೆ ಮಾತಾಡುವುದಿಲ್ಲ’ ಎಂದು ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಹಾಕಿಸಿದ್ದನ್ನು ತಮ್ಮ ಮನು ಆಗಲೇ ತಿಳಿಸಿದ್ದ. ಪತ್ರಕ್ಕೆ ಆ ಆಣೆ ತಾಗುತ್ತದೋ ಇಲ್ಲವೋ ನೀನೇ ತೀರ್ಮಾನಿಸು. ಮನೆಗೆ ಹಾಕಿದರೆ ಅಪ್ಪನ ಕೈಗೆ ಸಿಗುತ್ತದೆ. ಅದಕ್ಕೇ ನೀನು ಅಡುಗೆ ಮಾಡುವ ಅಂಗನವಾಡಿಗೆ, ಅನುಶ್ರೀ ಟೀಚರ್ ಹೆಸರಿಗೆ ಹಾಕುತ್ತಿದ್ದೇನೆ.

ಶನಿವಾರ ಮಗುವಿನ ಕಣ್ಣು, ಎದೆ ಎಲ್ಲ ಹಳದಿಯಾಯಿತು. ಜಾಂಡೀಸ್ ಎಂದರು. ಈಗಷ್ಟೇ ಹುಟ್ಟಿದ ಮಕ್ಕಳಲ್ಲಿ ಇದು ಸಾಮಾನ್ಯವಂತೆ. ಕೆಲವರಲ್ಲಿ ತಾನೇ ಇಳಿಯುತ್ತದೆ, ಕೆಲವರನ್ನು ಬೆಳಕಿಗೆ ಇಡಬೇಕಾಗುತ್ತದೆ. ಇವನನ್ನು ಇಟ್ಟಿದ್ದಾರೆ. ಒಂದು ತೊಟ್ಟಿಲಿನಂಥ ಪೆಟ್ಟಿಗೆ, ಮೇಲೆ ನೀಲಿ ದೀಪಗಳು. ಮೈಮೇಲೆ ಬಟ್ಟೆ ಇಲ್ಲ, ಒಂದು ಚಡ್ಡಿ ಮಾತ್ರ. ಬೆಳಕು ಕಣ್ಣಿಗೆ ತಾಗಬಾರದೆಂದು ಬಿಳಿ ಪಟ್ಟಿ ಕಟ್ಟಿದ್ದಾರೆ. ಹಾಲು ಕುಡಿಸುವಾಗ ಮಾತ್ರ ನನ್ನ ಕೈಗೆ ಕೊಡುತ್ತಾರೆ. ಉಳಿದ ಹೊತ್ತೆಲ್ಲ ಗಾಜಿನ ಆಚೆ ನಿಂತು ನೋಡುವುದೇ ಕೆಲಸ.

ನಿನ್ನೆಯಿಂದ ನೀರು ನೀರಾಗಿ ಹಸಿರು ಭೇದಿ. ಬೆನ್ನಿನ ಮೇಲೆ ಕೆಂಪು ಗುಳ್ಳೆಗಳು. ಮೈ ಒಮ್ಮೆ ಬಿಸಿ, ಒಮ್ಮೆ ತಣ್ಣಗೆ. ಪ್ರತಿಯೊಂದಕ್ಕೂ ಓಡಿ ಹೋಗಿ ನರ್ಸನ್ನು ಕೇಳುತ್ತೇನೆ. ‘ಲೈಟಿಗೆ ಹಾಗಾಗ್ತದೆ, ಲೈಟ್ ತೆಗೆದ ಮೇಲೆ ಹೋಗ್ತದೆ, ನೀವು ಹಾಲು ಕೊಡೋದು ಮಾತ್ರ ಬಿಡ್ಬೇಡಿ, ಮೈಯಲ್ಲಿ ನೀರು ಕಮ್ಮಿ ಆಗ್ಬಾರ್ದು’ ಎಂದು ಅದೇ ಮಾತು. ನಿಜವೇ ಇರಬಹುದು. ಆದರೆ ಕಾಯಿಲೆ ಇಳಿಸಲು ಇಟ್ಟ ಬೆಳಕಿನಿಂದಲೇ ಮೂರು ಹೊಸ ಕಾಯಿಲೆ ಬಂದಂತೆ ಕಾಣುವಾಗ ಕೂತಲ್ಲಿ ಕೂರಲು ಆಗುವುದಿಲ್ಲ.

ನನ್ನ ಅತ್ತೆ, ದೊಡ್ಡಿ ಎಂದು ಅವರ ಹೆಸರು, ಜೊತೆಗಿದ್ದಾರೆ. ಮೊದಲ ದಿನ ಗಾಜಿಗೆ ಮುಖ ಒತ್ತಿ ನೋಡಿ, ‘ನೋಡವ್ವಾ, ನಿನ್ ಮಗ ಹೋಂಸ್ಟೇಗೆ ಬಂದ ಟೂರಿಸ್ಟ್ ಆಗೋದ. ಬಟ್ಟೆ ಬಿಚ್ಚಾಕಿ ಕನ್ನಡ್ಕ ಹಾಕ್ಕಂಡು ಮಲ್ಗವ್ನೆ’ ಎಂದರು. ಅಷ್ಟು ಹೊತ್ತು ಅತ್ತಿದ್ದವಳು ನಕ್ಕುಬಿಟ್ಟೆ.

ಒಂದು ಕೇಳಬೇಕಿತ್ತು. ಡಾಕ್ಟರ್ ಶೋಭಿತಾ ಎಂಬವರು ನೋಡುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಹಿಂದೆ ಯಾವ ಮಗುವಿಗಾದರೂ ಜೋರಾಗಿ ಕಾಮಾಲೆ ಆಗಿತ್ತಾ ಎಂದು ವಿಚಾರಿಸಿದರು. ನಾನೇ ಹಿರಿಯಳು, ನನಗೂ ತಮ್ಮನಿಗೂ ಏನೂ ಆಗಿರಲಿಲ್ಲ ಎಂದೆ. ಸರಿ ತಾನೇ?

ಉಷಾರಾಣಿ


ಕುಶಾಲನಗರದ ಬಳಿಯಿಂದ
26-6-2024

ಉಷಾಳಿಗೆ,

ನಿನ್ನ ಕಾಗದ ಅಂಗನವಾಡಿಯಲ್ಲಿ ಅಕ್ಕಿ ಆರಿಸುತ್ತಿದ್ದಾಗ ಸಿಕ್ಕಿತು. ಪತ್ರಕ್ಕೆ ಆಣೆ ತಾಗುವುದಿಲ್ಲ. ನಾನು ನಾಲಿಗೆಯ ಮೇಲೆ ಆಣೆ ಮಾಡಿದ್ದು, ಕೈಯ ಮೇಲೆ ಮಾಡಿಲ್ಲ. ಆದರೂ ಮನೆಯಲ್ಲಿ ಬರೆಯುವುದಿಲ್ಲ, ಇಲ್ಲೇ ಬರೆಯುತ್ತೇನೆ.

ಮಗುವನ್ನು ಬೆಳಕಿನಿಂದ ತೆಗೆಸು. ನಮ್ಮ ಬೀದಿಯ ಕೊನೆ ಮನೆಯ ಮಗುವನ್ನು ಹೀಗೆಯೇ ಇಟ್ಟಿದ್ದರು, ಮನೆಗೆ ಬರುವಾಗ ಮಸಿ ಬಳಿದ ಹಾಗೆ ಕಪ್ಪಾಗಿತ್ತು. ಅದರ ಕಣ್ಣೂ ಮಂದ ಎಂದು ಹೇಳುತ್ತಾರೆ. ಹಸಿರು ಭೇದಿ ಎಂದರೆ ಏನು ಸಾಮಾನ್ಯ? ಮೂರು ದಿನದ ಮಗುವಿನ ಮೈಯಲ್ಲಿ ಎಷ್ಟು ನೀರಿರುತ್ತದೆ? ಎಳೆ ಬಿಸಿಲು ಸಾಕು. ಬೆಳಗಿನ ಹೊತ್ತು ಬಾಗಿಲಲ್ಲಿ ಮಲಗಿಸಿದರೆ ಇಳಿಯುತ್ತದೆ. ಈ ಮಳೆಯಲ್ಲಿ ಬಿಸಿಲೆಲ್ಲಿ ಎಂದು ನೀನು ಕೇಳಬಹುದು. ಬಿಸಿಲು ಕಂಡ ದಿನ ಇಡು.

ಡಾಕ್ಟರಿಗೆ ನೀನು ಹೇಳಿದ್ದು ಸರಿ. ನಮ್ಮಲ್ಲಿ ಯಾರಿಗೂ ಅಂಥದ್ದಿಲ್ಲ.

ಚೊಚ್ಚಲ ಬಾಣಂತನ ಇಲ್ಲಿ ಆಗಬೇಕಿತ್ತು. ಅದರ ಮಾತು ಬೇಡ. ಮಗುವಿಗೆ ಹೊಸ ಬಟ್ಟೆ ಹಾಕಬೇಡ. ಹಿರಿಯರು ಉಟ್ಟು ಮೆತ್ತಗಾದ ಹಳೆ ಬಟ್ಟೆಯಲ್ಲೇ ಮೊದಲು ಸುತ್ತಬೇಕು, ಅವರ ಆಯಸ್ಸು ಮಗುವಿಗೆ ಬರಲಿ ಎಂದು. ನಿನ್ನ ಅಪ್ಪನ ಎರಡು ಪಂಚೆ, ನನ್ನ ಧಾರೆ ಸೀರೆ, ನಿನ್ನನ್ನು ಸುತ್ತಿದ್ದ ಕಂಬಳಿ ತುಂಡು ಎಲ್ಲ ಕಪ್ಪು ಪೆಟ್ಟಿಗೆಯಿಂದ ತೆಗೆದು ಗಂಟು ಕಟ್ಟಿದ್ದೇನೆ. ಶುಕ್ರವಾರ ಅನುಶ್ರೀ ಟೀಚರ್ ಮೀಟಿಂಗಿಗೆ ಮಡಿಕೇರಿಗೆ ಬರುತ್ತಾರೆ, ತಂದು ಕೊಡುತ್ತಾರೆ. ತೊಳೆದಿಲ್ಲ. ತೊಳೆದು ಹಗ್ಗದ ಮೇಲೆ ಹಾಕಿದರೆ ಯಾಕೆ ಎಂದು ನಿನ್ನ ಅಪ್ಪ ಕೇಳುತ್ತಾರೆ, ಒಣಗುವುದೂ ಇಲ್ಲ. ಬಿಳಿ ನುಸಿಗುಳಿಗೆ ಹಾಕಿ ಇಟ್ಟದ್ದರಿಂದ ಒಂದು ನುಸಿಯೂ ಮುಟ್ಟಿಲ್ಲ. ಶುದ್ಧವಾಗಿವೆ.

ಮಗು ಯಾರ ಹಾಗಿದೆ ಎಂದು ಬರೆಯಲಿಲ್ಲ.

ಚಲುವಮ್ಮ


ತಿತಿಮತಿ
2-7-2024

ಅಮ್ಮಾ,

ಮನೆಗೆ ಬಂದೆವು. ಮಗುವಿನ ಮೂಗು ನಮ್ಮ ಅಪ್ಪನದು. ಅತ್ತೆ ಒಪ್ಪುವುದಿಲ್ಲ, ‘ಈ ಮೂಗು ನಮ್ ಹಾಡಿದೇ’ ಎಂದು ದಿನವೂ ವಾದ ಮಾಡುತ್ತಾರೆ.

ಬೆಳಕು ತೆಗೆಸು ಎಂದು ನೀನು ಬರೆದದ್ದನ್ನು ಓದಿ ಒಂದು ಇಡೀ ದಿನ ಒದ್ದಾಡಿದೆ. ಪೆನ್ನು ಹಿಡಿದು ಬಿಡುಗಡೆ ಕಾಗದಕ್ಕೆ ಸಹಿ ಹಾಕುವವರೆಗೂ ಹೋಗಿದ್ದೆ. ಸಿದ್ಧಾರ್ಥ ತಡೆದ. ಡಾಕ್ಟರ್ ಸಿಟ್ಟಾಗಲಿಲ್ಲ, ಕೂರಿಸಿಕೊಂಡು ಹೇಳಿದರು. ಹಳದಿ ಬಣ್ಣದ ಅಂಶ ರಕ್ತದಲ್ಲಿ ಮಿತಿ ಮೀರಿದರೆ ಮಿದುಳಿಗೆ ಏರುತ್ತದೆ, ಕಿವಿ ಹೋಗಬಹುದು, ಜೀವವೇ ಹೋಗಬಹುದು. ಬೆಳಕು ಅದನ್ನು ಕರಗಿಸಿ ಮಲ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಹಸಿರು ಭೇದಿ ಎಂದರೆ ಅದು ಹೊರಗೆ ಹೋಗುತ್ತಿರುವ ಬಣ್ಣ. ಮನೆಯ ಬಿಸಿಲಿಗೆ ಅಷ್ಟು ಶಕ್ತಿ ಇಲ್ಲ, ಚರ್ಮ ಸುಡುವುದು ಬೇರೆ. ಮೈ ಸ್ವಲ್ಪ ಕಪ್ಪಾಗುವುದು ನಿಜ, ವಾರಗಳಲ್ಲಿ ತಿಳಿಯಾಗುತ್ತದೆ. ಇಷ್ಟೆಲ್ಲ ಕೇಳಿ ಸಹಿ ಹಾಕದೆ ಬಂದೆ. ಅದರ ಮರುದಿನ ದೀಪ ಆರಿಸಿದರು. ಗುಳ್ಳೆ ಹೋದವು, ಭೇದಿ ನಿಂತಿತು.

ದೀಪ ತೆಗೆದ ಮೇಲೆ ಹಳದಿ ಕೊಂಚ ಏರುವುದುಂಟಂತೆ. ಮಂಕಾದರೆ, ಹಾಲು ಬಿಟ್ಟರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ತಡ ಮಾಡದೆ ಬನ್ನಿ ಎಂದಿದ್ದಾರೆ. ಹಾಗಾಗಿ ದಿನವೂ ಅವನ ಕಣ್ಣಿನ ಬಿಳಿ ಭಾಗವನ್ನು ಬಿಡಿಸಿ ನೋಡುವುದೇ ಆಗಿದೆ. ಅವನಿಗೆ ನನ್ನ ಬೆರಳು ಕಂಡರೆ ಸಿಟ್ಟು.

ಅನುಶ್ರೀ ಟೀಚರ್ ಗಂಟು ಕೊಟ್ಟರು. ಬಿಚ್ಚಿದ ಕೂಡಲೇ ನಮ್ಮ ಮನೆಯ ಒಳಕೋಣೆ ಎದುರಿಗೆ ಬಂದು ನಿಂತ ಹಾಗಾಯಿತು. ಆ ಪೆಟ್ಟಿಗೆಯ ವಾಸನೆ. ಹಬ್ಬದ ದಿನ ನೀನು ಪೆಟ್ಟಿಗೆ ತೆಗೆಯುವಾಗ ನಾನೂ ಮನುವೂ ಅದರೊಳಗೆ ತಲೆ ಹಾಕುತ್ತಿದ್ದೆವಲ್ಲ. ಪಂಚೆಯಲ್ಲಿ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಅತ್ತೆ ಮೂಗು ಮುಚ್ಚಿಕೊಂಡರು. ‘ಇದೇನ್ ಹುಡ್ಗಿ, ಗೋಣಿಕೊಪ್ಪ ಬಸ್‌ಸ್ಟ್ಯಾಂಡ್ ಪಾಯ್ಖಾನೆ ನಾತ! ಒಗ್ದಾಕು ಮೊದ್ಲು.’

‘ಅದು ನಮ್ಮಮ್ಮನ ಪೆಟ್ಟಿಗೆ ವಾಸ್ನೆ ಅತ್ತೆ. ಒಗಿಯಲ್ಲ.’

‘ನಿಮ್ಮಮ್ಮ ಪಾಯ್ಖಾನೆಲಿ ಪೆಟ್ಗೆ ಮಡಗಿದ್ರಾ?’

ನಾನು ಎರಡು ದಿನ ಮಾತು ಬಿಟ್ಟೆ. ಅವರು ಇನ್ನೇನೋ ಸೊಪ್ಪಿನ ರಸ ತಂದು ಮಗುವಿನ ಕಣ್ಣಿಗೆ ಬಿಡಲು ಹೊರಟಿದ್ದರು, ಅದಕ್ಕೂ ನಾನು ಒಪ್ಪಲಿಲ್ಲ. ಹಾಗಾಗಿ ಲೆಕ್ಕ ಸರಿಹೋಯಿತು. ಮಗು ಈಗ ಹಗಲೂ ರಾತ್ರಿಯೂ ಅಪ್ಪನ ಪಂಚೆಯಲ್ಲೇ ಮಲಗುತ್ತಾನೆ. ಆಸ್ಪತ್ರೆಯಲ್ಲಿ ದೂರದಿಂದ ನೋಡಿದ್ದು ಸಾಕು ಎಂದು ಕೆಳಗೆ ಇಳಿಸುವುದೇ ಇಲ್ಲ.

ಸಿದ್ಧಾರ್ಥನಿಗೆ ಆನೆ ಓಡಿಸುವ ತಂಡದಲ್ಲಿ ಈ ವಾರ ಬಿಡುವಿಲ್ಲ. ಬಂದು ಮಗುವನ್ನು ನೋಡಿ ಹೋಗುತ್ತಾನೆ.

ಉಷಾ


ಕುಶಾಲನಗರದ ಬಳಿಯಿಂದ
7-7-2024

ಉಷಾಳಿಗೆ,

ಮೂಗಿನ ವಿಷಯ ಓದಿ ಅಂಗನವಾಡಿಯಲ್ಲಿ ಒಬ್ಬಳೇ ನಕ್ಕೆ. ಮಕ್ಕಳೆಲ್ಲ ನೋಡಿದವು.

ನೀನು ಪಂಚೆಯನ್ನು ಒಗೆಯಲಿಲ್ಲ ಎಂದು ಬರೆದದ್ದನ್ನು ಮೂರು ಸಲ ಓದಿದೆ. ನಿನ್ನ ಅತ್ತೆಯ ಮಾತಿಗೆ ಬೇಜಾರಿಲ್ಲ. ಆ ಗುಳಿಗೆಯನ್ನು ಬಸ್ ನಿಲ್ದಾಣದ ಪಾಯಿಖಾನೆಯಲ್ಲೂ ಹಾಕುತ್ತಾರೆ, ಅದು ನಿಜ.

ಪಂಚೆ ಕಾಣಿಸುತ್ತಿಲ್ಲ ಎಂದು ನಿನ್ನ ಅಪ್ಪನಿಗೆ ಗೊತ್ತಾಯಿತು. ಶುಂಠಿ ಹೊಲದಿಂದ ನೆನೆದುಕೊಂಡು ಬಂದವರು ಪೆಟ್ಟಿಗೆ ತೆಗೆದಿದ್ದಾರೆ. ‘ಎರಡ್ ಪಂಚೆ ಎಲ್ಲೋಯ್ತು?’ ಎಂದರು. ಇಲಿ ಕಡಿದಿತ್ತು, ಬಿಸಾಡಿದೆ ಎಂದೆ. ‘ಗುಳಿಗೆ ಹಾಕಿದ್ ಪೆಟ್ಗೆಗೆ ಇಲಿ ಬತ್ತದಾ?’ ಎಂದರು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ, ಸೌಟು ಆಡಿಸುತ್ತಲೇ ಇದ್ದೆ. ಪೆಟ್ಟಿಗೆ ಮುಚ್ಚಿ ಬಂದು, ‘ಇಲಿ ಗಂಡೋ ಹೆಣ್ಣೋ?’ ಎಂದು ಕೇಳಿದರು. ನಾನು ಗಂಡು ಎಂದೆ. ಅವರು ಊಟಕ್ಕೆ ಕೂತರು. ಅವತ್ತು ಒಂದು ಮುದ್ದೆ ಹೆಚ್ಚಿಗೆ ಉಂಡರು.

ಇನ್ನೊಂದು ಗಂಟು ಕಟ್ಟಿಟ್ಟಿದ್ದೇನೆ. ಅದರಲ್ಲಿ ಅವರದೇ ಹಳೆ ಶಾಲು ಇದೆ. ಈ ಮಳೆಗೆ ನುಸಿ ಹೆಚ್ಚು, ಗುಳಿಗೆ ಹೊಸದಾಗಿ ಹಾಕಿದ್ದೇನೆ. ಕಂಡಕ್ಟರ್ ರೇವಣ್ಣನ ಕೈಯಲ್ಲಿ ಕಳಿಸುತ್ತೇನೆ.

ಮೈ ಬಣ್ಣ ತಿಳಿಯಾಯಿತಾ? ಬೆಳಕಿನ ಕಪ್ಪು ಹೋಯಿತಾ? ನಿಜ ಬರೆ.

ಚಲುವಮ್ಮ


ಮಡಿಕೇರಿ, ಆಸ್ಪತ್ರೆ
10-7-2024

ಅಮ್ಮಾ,

ಮತ್ತೆ ಇಲ್ಲಿದ್ದೇವೆ. ಸೋಮವಾರದಿಂದ ಮಗು ಮಂಕಾಗಿದ್ದ. ಮಂಗಳವಾರ ಹಾಲು ಬಿಟ್ಟ. ಚಡ್ಡಿ ಬಿಚ್ಚಿದರೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಮುಖ ಹಳದಿ, ತುಟಿ ಬಿಳಿಚಿಕೊಂಡಿತ್ತು. ರಸ್ತೆಯಲ್ಲಿ ಆನೆ ನಿಂತಿದ್ದರಿಂದ ಜೀಪು ಅರ್ಧ ಗಂಟೆ ಕಾಯಬೇಕಾಯಿತು. ಆ ಅರ್ಧ ಗಂಟೆಯ ಬಗ್ಗೆ ಬರೆಯುವುದಿಲ್ಲ.

ಈ ಸಲ ಮೇಲೆ ಕೆಳಗೆ ಎರಡೂ ಕಡೆಯಿಂದ ಬೆಳಕು. ರಕ್ತ ಒಡೆಯುತ್ತಿದೆ ಎಂದರು. ಹೊರಗಿನಿಂದ ರಕ್ತ ಕೊಟ್ಟಿದ್ದಾರೆ. ಇಳಿಯದಿದ್ದರೆ ಮೈಯ ರಕ್ತವನ್ನೇ ತೆಗೆದು ಬದಲಿಸಬೇಕಾಗಬಹುದು, ಬೆಳಕು ಕೆಲಸ ಮಾಡಿದರೆ ಅದು ಬೇಕಾಗುವುದಿಲ್ಲ ಎಂದಿದ್ದಾರೆ. ಭೇದಿ, ಗುಳ್ಳೆ ಮತ್ತೆ ಶುರುವಾಗಿವೆ. ಈ ಸಲ ಹಸಿರು ಕಂಡರೆ ಸಮಾಧಾನವಾಗುತ್ತದೆ, ಹೋಗುತ್ತಿದೆಯಲ್ಲ ಎಂದು. ಸಿದ್ಧಾರ್ಥ ವಾರ್ಡಿನ ಹೊರಗೆ ನಿಂತು, ‘ಆ ಲೈಟಿಗೆ ಹಾಕಿದ್ದಕ್ಕೇ ಮತ್ತೆ ಬಂದದ್ದು, ಬೇರೆ ಕಡೆ ಕರ್ಕೊಂಡು ಹೋಗ್ತೇನೆ’ ಎಂದು ಜಗಳ ಮಾಡಿದ. ಈ ಸಲ ತಡೆದದ್ದು ನಾನು.

ಡಾಕ್ಟರ್ ಮತ್ತೆ ಅದೇ ಪ್ರಶ್ನೆ ಕೇಳಿದ್ದಾರೆ. ತಾಯಿಯ ಕಡೆಯಲ್ಲಿ ಹುಟ್ಟಿದ ಗಂಡು ಮಕ್ಕಳ ಬಗ್ಗೆ. ನಿನ್ನ ಅಣ್ಣತಮ್ಮಂದಿರು, ನಿನ್ನ ಮಕ್ಕಳು. ತಾಯಿಯಿಂದ ಗಂಡು ಮಗುವಿಗೆ ಬರುವ ಒಂದು ತೊಂದರೆ ಇದೆಯಂತೆ, ಅದರ ಪರೀಕ್ಷೆ ಮಾಡಿಸಿದ್ದಾರೆ. ಯೋಚಿಸಿ ಬರೆ ಅಮ್ಮ. ಹೋದ ಸಲ ನೀನು ಆ ಪ್ರಶ್ನೆಗೆ ಒಂದೇ ಸಾಲಿನಲ್ಲಿ ಉತ್ತರ ಬರೆದಿದ್ದೆ. ನೀನು ಒಂದೇ ಸಾಲು ಬರೆಯುವವಳಲ್ಲ.

ಇನ್ನು ಬಟ್ಟೆ ಕಳಿಸಬೇಡ. ಇಲ್ಲಿ ಬೇಕಾದಷ್ಟಿದೆ.

ಉಷಾ


ಕುಶಾಲನಗರದ ಬಳಿಯಿಂದ
13-7-2024

ಉಷಾಳಿಗೆ,

ಬಟ್ಟೆ ಬೇಡ ಎಂದು ಬರೆದೆ. ಸಿಟ್ಟಾಗಿರಬೇಕು. ಆಗಬೇಕಾದ್ದೇ. ಗಂಟನ್ನು ಬಿಚ್ಚಿ ಮತ್ತೆ ಪೆಟ್ಟಿಗೆಗೆ ಹಾಕಿದೆ.

ನೀನು ಹಿರಿಯವಳಲ್ಲ. ನಿನಗಿಂತ ಮೊದಲು ಒಬ್ಬನಿದ್ದ.

ಆಗ ನಾವು ಅರಕಲಗೂಡಿನ ಕಡೆ ಇದ್ದೆವು. ಮಗು ದುಂಡಗೆ ಹುಟ್ಟಿತ್ತು. ಮೂರನೆಯ ದಿನಕ್ಕೆ ಹಳದಿಯಾಯಿತು. ಎಲ್ಲ ಮಕ್ಕಳಿಗೂ ಆಗುತ್ತದೆ ಎಂದು ಸೂಲಗಿತ್ತಿ ಹೇಳಿದಳು. ಬೆಳಿಗ್ಗೆ ಬಾಗಿಲಲ್ಲಿ ಬಿಸಿಲಿಗೆ ಮಲಗಿಸುತ್ತಿದ್ದೆ. ನಿನ್ನ ಅಜ್ಜನ ಪಂಚೆಯಲ್ಲಿ ಸುತ್ತಿ, ತವರಿನಿಂದ ಬಂದ ಇದೇ ಪೆಟ್ಟಿಗೆಯ ಪಂಚೆ, ಮುಖ ಮಾತ್ರ ಬಿಸಿಲಿಗೆ ಬಿಡುತ್ತಿದ್ದೆ. ಆಮೇಲೆ ಅದು ಹಾಲು ಬಿಟ್ಟಿತು. ಅಳು ಬೇರೆ ಥರ ಆಯಿತು, ಕೀರಲು. ತಲೆಯನ್ನು ಹಿಂದಕ್ಕೆ ಬಾಗಿಸುತ್ತಿತ್ತು. ಹಾಸನಕ್ಕೆ ಗಾಡಿ ಕಟ್ಟಿಸುವಷ್ಟರಲ್ಲಿ ಮುಗಿಯಿತು. ಹೆಸರಿಟ್ಟಿರಲಿಲ್ಲ.

ಅದಾದ ವರ್ಷವೇ ಇಲ್ಲಿಗೆ ಬಂದೆವು. ಜಮೀನಿಗಾಗಿ ಬಂದೆವು ಎಂದು ಎಲ್ಲರಿಗೂ ಹೇಳುತ್ತೇವೆ. ನೀನು ಹುಟ್ಟಿದಾಗ ಅವರು ಹೇಳಿದರು, ಇವಳೇ ನಮಗೆ ಮೊದಲನೆಯವಳು, ಹಿಂದಿನದು ಬಾಯಿಗೆ ಬರಬಾರದು. ಬಂದಿಲ್ಲ.

ಮೊದಲ ಸಲ ನೀನು ಕೇಳಿದಾಗ ಬರೆದರೆ ನಿನ್ನ ಮಗುವಿಗೂ ಅದೇ ಬರುತ್ತದೆ ಎಂದು ಹೆದರಿದೆ. ಬರೆಯದಿದ್ದರೂ ಬಂತು.

ಬೆಳಕು ಬೇಡ ಎಂದು ಬರೆದಿದ್ದೆ. ಬಿಸಿಲು ಸಾಕು ಎಂದು ಬರೆದಿದ್ದೆ. ಯಾವ ಬಾಯಲ್ಲಿ ಹೇಳಿದೆನೋ ಗೊತ್ತಿಲ್ಲ. ಆದರೂ ಒಮ್ಮೆ ಕೇಳು, ಒಳ್ಳೆಯದಾಗುತ್ತಿದ್ದ ಮಗುವಿಗೆ ಮತ್ತೆ ಯಾಕೆ ಬಂತು? ಮೊದಲ ಬೆಳಕಿನಿಂದ ಒಳಗೆ ಏನಾದರೂ ಸುಟ್ಟಿತಾ? ಅದೊಂದು ಗೊತ್ತಾದರೆ ಸಾಕು.

ಚಲುವಮ್ಮ


ಮಡಿಕೇರಿ, ಆಸ್ಪತ್ರೆ
17-7-2024

ಅಮ್ಮಾ,

ಇಳಿಯುತ್ತಿದೆ. ಇಂದು ಬೆಳಿಗ್ಗೆ ದೀಪ ಆರಿಸಿದರು. ರಕ್ತ ಬದಲಿಸುವ ಪ್ರಮೇಯ ಬರಲಿಲ್ಲ. ಹಾಲು ಕುಡಿಯುತ್ತಿದ್ದಾನೆ. ಕಿವಿಗೆ ಏನಾದರೂ ಪೆಟ್ಟು ಬಿದ್ದಿದೆಯೇ ಎಂದು ಮುಂದೆ ಪರೀಕ್ಷೆ ಮಾಡಬೇಕಂತೆ. ಸದ್ಯ ಗೊತ್ತಿಲ್ಲ. ಬಾಗಿಲು ಬಡಿದರೆ ಬೆಚ್ಚುತ್ತಾನೋ ಎಂದು ನೋಡುತ್ತಿರುತ್ತೇನೆ, ಒಮ್ಮೆ ಬೆಚ್ಚುತ್ತಾನೆ, ಒಮ್ಮೆ ಇಲ್ಲ.

ಅಣ್ಣನ ವಿಷಯ ಡಾಕ್ಟರಿಗೆ ಹೇಳಿದೆ. ನಿನ್ನಿಂದ ತುಂಬ ಸಹಾಯವಾಯಿತು ಎಂದರು.

ನೀನು ಕೇಳಿದ್ದೀಯಲ್ಲ, ಮತ್ತೆ ಯಾಕೆ ಬಂತು ಎಂದು. ಬೆಳಕಿನಿಂದಲೇ ಅಂತೆ. ಮೊದಲ ಸಲ ಇಟ್ಟದ್ದು ಹೆಚ್ಚಾಗಿ ಹೀಗಾಗಿರಬಹುದು ಎಂದರು. ಕೆಲವು ಮಕ್ಕಳಿಗೆ ಹಾಗಾಗುತ್ತದೆ. ಯಾರ ತಪ್ಪೂ ಅಲ್ಲ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಉಷಾ


ಮಡಿಕೇರಿ, ಆಸ್ಪತ್ರೆ
17-7-2024

ಅನುಶ್ರೀ ಟೀಚರಿಗೆ ನಮಸ್ಕಾರಗಳು.

ಇದೇ ಅಂಚೆಯಲ್ಲಿ ಅಮ್ಮನಿಗೆ ಇನ್ನೊಂದು ಪತ್ರ ಬರುತ್ತದೆ. ಅದರಲ್ಲಿ ಒಂದು ಸುಳ್ಳಿದೆ. ನಿಜವನ್ನು ನಿಮಗೆ ಬರೆಯಬೇಕು, ಏಕೆಂದರೆ ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ.

ಮಗುವಿನ ರಕ್ತದಲ್ಲಿ ಒಂದು ಕೊರತೆ ಇದೆ. ಜಿ ಸಿಕ್ಸ್ ಪಿಡಿ ಎನ್ನುತ್ತಾರೆ. ಕೆಂಪು ರಕ್ತಕಣ ಒಡೆಯದಂತೆ ಕಾಯುವ ಅಂಶ ಅದು. ತಾಯಿಯಿಂದ ಕೆಲವು ಗಂಡು ಮಕ್ಕಳಿಗೆ ಬರುತ್ತದೆ. ಹುಟ್ಟಿದಾಗ ಬಂದ ಕಾಮಾಲೆ ಅದರಿಂದಲೇ ಇರಬಹುದು; ಅದನ್ನು ಬೆಳಕು ಇಳಿಸಿತ್ತು. ಆದರೆ ಇಂಥ ಮಕ್ಕಳಿಗೆ ಕೆಲವು ಔಷಧಿ, ಕೆಲವು ವಸ್ತು ಆಗುವುದಿಲ್ಲ. ಅದರಲ್ಲಿ ಒಂದು, ಬಟ್ಟೆಗೆ ಹಾಕುವ ನುಸಿಗುಳಿಗೆ, ನ್ಯಾಫ್ತಲೀನ್. ಉಸಿರಿನಲ್ಲೂ ಚರ್ಮದಲ್ಲೂ ಒಳಗೆ ಹೋಗುತ್ತದೆ. ರಕ್ತ ಒಡೆಯುತ್ತದೆ.

ಗೊತ್ತಾದದ್ದು ಹೀಗೆ. ಎರಡನೇ ಸಲ ಬಂದ ದಿನ ಡಾಕ್ಟರ್ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡರು. ಪಂಚೆಯನ್ನು ಮೂಗಿನ ಹತ್ತಿರ ಹಿಡಿದರು.

‘ಇದನ್ನ ಎಲ್ಲಿ ಇಟ್ಟಿದ್ರಿ?’

‘ನಮ್ಮಮ್ಮನ ಪೆಟ್ಟಿಗೆಯಲ್ಲಿ’ ಎಂದೆ. ಹೆಮ್ಮೆಯಿಂದ ಹೇಳಿದೆ ಟೀಚರ್.

‘ತೊಳೆದಿರಾ?’

‘ಇಲ್ಲ.’

ಕೂಡಲೇ ಬಟ್ಟೆಯನ್ನೆಲ್ಲ ಬಿಚ್ಚಿಸಿ, ಮಗುವನ್ನು ಒರೆಸಿ, ಆಸ್ಪತ್ರೆಯ ಬಟ್ಟೆಯಲ್ಲಿ ಸುತ್ತಿದರು. ಅತ್ತೆ ಆ ಪಂಚೆ ಸೀರೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಹೊರಗೆ ಒಯ್ದರು. ವಾಸನೆಯ ಬಗ್ಗೆ ಮೊದಲೇ ಹೇಳಿದವರು ಅವರು. ನಾನ್ ಹೇಳ್ಲಿಲ್ವಾ ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ‘ನಂಗೆ ನಾತ ಗೊತ್ತಿತ್ತು, ವಿಷ ಅಂತ ಗೊತ್ತಿರ್ಲಿಲ್ಲ’ ಎಂದರು. ಆಮೇಲೆ, ‘ನಿಮ್ಮಮ್ಮಂಗೆ ಹೇಳ್ಬೇಡ ಹುಡ್ಗಿ. ತಿಂದ್ ಅನ್ನ ಗಂಟ್ಲಲ್ಲಿ ಇಳಿಯಲ್ಲ.’

ಅವತ್ತು ಅಮ್ಮನಿಗೆ ಬಟ್ಟೆ ಬೇಡ ಎಂದಷ್ಟೇ ಬರೆದೆ. ನಂತರ ಹೇಗಾದರೂ ಹೇಳಬಹುದು ಎಂದುಕೊಂಡಿದ್ದೆ. ಅಷ್ಟರಲ್ಲಿ ಅಮ್ಮನ ಪತ್ರ ಬಂತು. ನನಗಿಂತ ಮೊದಲು ಒಬ್ಬ ಅಣ್ಣ ಹುಟ್ಟಿ ಕಾಮಾಲೆಯಲ್ಲೇ ಹೋಗಿದ್ದ. ಅವನನ್ನೂ ಅದೇ ಪೆಟ್ಟಿಗೆಯ ಪಂಚೆಯಲ್ಲಿ ಸುತ್ತಿದ್ದರು. ಅಮ್ಮ ಅದನ್ನು ಸುಮ್ಮನೆ, ಮಾತಿಗೆ ಮಾತಾಗಿ ಬರೆದಿದ್ದಾಳೆ. ಎರಡನ್ನೂ ಜೋಡಿಸಿಲ್ಲ. ನಾನು ಗುಳಿಗೆಯ ವಿಷಯ ಹೇಳಿದ ಕ್ಷಣ ಜೋಡಿಸುತ್ತಾಳೆ. ಆಗ ಪೆಟ್ಟಿಗೆಯಲ್ಲಿ ಗುಳಿಗೆ ಇತ್ತೋ ಇಲ್ಲವೋ ಕೇಳುವ ಧೈರ್ಯ ನನಗಿಲ್ಲ.

ಆದ್ದರಿಂದ ತಪ್ಪನ್ನು ಬೆಳಕಿನ ಮೇಲೆ ಹಾಕಿದ್ದೇನೆ. ಮಗನನ್ನು ಎರಡು ಸಲ ಉಳಿಸಿದ ಬೆಳಕಿನ ಮೇಲೆ. ಅದು ಬಂದು ವಾದ ಮಾಡುವುದಿಲ್ಲವಲ್ಲ.

ನೀವು ಏನಾದರೂ ನೆಪ ಹೇಳಿ ಆ ಗುಳಿಗೆಗಳನ್ನು ನಮ್ಮ ಮನೆಯಿಂದ ತೆಗೆಸಿ. ಅಮ್ಮನಿಗೆ ಕಾರಣ ತಿಳಿಯುವುದು ಬೇಡ.

ನಿಮ್ಮ
ಉಷಾರಾಣಿ


ಕುಶಾಲನಗರದ ಬಳಿಯಿಂದ
24-7-2024

ಉಷಾ,

ಗುಳಿಗೆ ತೆಗೆಸಿ ಎಂದು ನನಗೆ ಬರೆದ ನಿನ್ನ ಪತ್ರ ಸಿಕ್ಕಿ ಆರು ದಿನವಾಯಿತು. ನೀನು ಕೇಳಿದಂತೆ ನಾನು ನಡೆದುಕೊಳ್ಳಲಿಲ್ಲ. ಅದನ್ನು ನೇರವಾಗಿ ಹೇಳಿಬಿಡುತ್ತೇನೆ.

ನಮ್ಮ ಅಂಗನವಾಡಿಯಲ್ಲಿ ಗರ್ಭಿಣಿಯರು, ಬಾಣಂತಿಯರು ಸೇರಿ ಒಂದು ಕೋಣೆ ತುಂಬುವಷ್ಟಿದ್ದಾರೆ. ಈ ಮಳೆಗಾಲದಲ್ಲಿ ಪೆಟ್ಟಿಗೆಯಿಂದ ಹಳೆ ಬಟ್ಟೆ ತೆಗೆಯದ ಮನೆ ಒಂದಿಲ್ಲ. ಯಾರ ಮಗುವಿಗೆ ಆ ಕೊರತೆ ಇದೆಯೋ ಯಾರಿಗೆ ಗೊತ್ತು? ನಿನ್ನ ಅಮ್ಮನ ಮನಸ್ಸಿಗಾಗಿ ಅವರಿಗೆ ಹೇಳದೆ ಇರಬೇಕಿತ್ತೇ? ಇದನ್ನೇ ಹಿಂದೆ ಮುಂದೆ ಯೋಚಿಸಿ ಸೋತೆ. ಕಡೆಗೆ ಚಲುವಮ್ಮನನ್ನು ಅಕ್ಕಿ ತರಲು ಕಳಿಸಿ, ಆ ಹೊತ್ತಿನಲ್ಲಿ ತಾಯಂದಿರ ಸಭೆ ಕರೆದೆ. ಯಾರ ಹೆಸರನ್ನೂ ಹೇಳಲಿಲ್ಲ. ಗುಳಿಗೆ ಹಾಕಿದ ಬಟ್ಟೆಯನ್ನು ಹಾಗೇ ಕೂಸಿಗೆ ಸುತ್ತಬೇಡಿ, ಮಕ್ಕಳಿರುವ ಮನೆಯಲ್ಲಿ ಗುಳಿಗೆಯೇ ಬೇಡ ಎಂದೆ. ರಕ್ತದ ವಿಷಯ ಹೇಳುತ್ತಿದ್ದಾಗ ಹಿಂದಿನಿಂದ, ‘ಟೀಚರ್, ತೊಳೆದಿದ್ರೆ ಹೋಗ್ತಿತ್ತಾ?’ ಎಂದು ಒಂದು ದನಿ ಬಂತು.

ಚಲುವಮ್ಮ ಬೇಗ ವಾಪಸ್ ಬಂದಿದ್ದರು. ಅಕ್ಕಿ ಚೀಲ ಇನ್ನೂ ಸೊಂಟದ ಮೇಲಿತ್ತು.

ನಾನು ಸುಳ್ಳು ಹೇಳಲಿಲ್ಲ ಉಷಾ. ತೊಳೆದು ಚೆನ್ನಾಗಿ ಗಾಳಿಗೆ ಹಾಕಿದ್ದರೆ ಬಹುಪಾಲು ಹೋಗುತ್ತಿತ್ತು ಎಂದೆ. ತಲೆ ಆಡಿಸಿ ಒಳಗೆ ಹೋದರು. ಎಲ್ಲರಿಗೂ ಮೊಳಕೆ ಕಾಳು ಹಂಚಿದರು. ಒಬ್ಬ ಬಾಣಂತಿ, ‘ಏನ್ ಚಲುವಮ್ಮಾ, ಇವತ್ತು ಉಪ್ಪೇ ಇಲ್ಲ’ ಎಂದಳು. ‘ನಾಳೆ ಹಾಕ್ತೀನಿ ಕಣವ್ವ’ ಎಂದರು.

ಎಲ್ಲರೂ ಹೋದ ಮೇಲೆ ಅಂಗನವಾಡಿಯ ಚಾಪೆ, ಪರದೆ ಇಡುವ ಕಬ್ಬಿಣದ ಪೆಟ್ಟಿಗೆಯನ್ನು ತಾವೇ ಖಾಲಿ ಮಾಡಿದರು. ಅದರಲ್ಲೂ ಗುಳಿಗೆ ಹಾಕಿದ್ದರು. ಹುಡುಕಿ ಹುಡುಕಿ ತೆಗೆದು ಹಳೆಯ ಪೇಪರಿನಲ್ಲಿ ಕಟ್ಟಿಕೊಂಡು ನನ್ನ ಮುಂದೆ ನಿಂತರು. ‘ಇದನ್ನ ಎಲ್ಲಿ ಹಾಕೋದು ಟೀಚರ್?’ ಎಂದು ಕೇಳಿದರು. ‘ಇಲ್ಲೇ ಇಡಿ’ ಎಂದೆ. ಆ ಪೊಟ್ಟಣ ಹಿಡಿದುಕೊಂಡೇ ಮನೆಗೆ ಹೋದರು.

ಆಮೇಲೆ ನಾಲ್ಕು ದಿನ ಕೆಲಸಕ್ಕೆ ಬಂದಿಲ್ಲ. ಮನೆಗೆ ಹೋಗಿದ್ದೆ. ನಿನ್ನ ಅಪ್ಪ ಬಾಗಿಲಲ್ಲಿ ನಿಂತು, ‘ಬಟ್ಟೆ ಒಗೀತವ್ಳೆ’ ಎಂದರು. ಅವರಿಗೆ ಎಷ್ಟು ಗೊತ್ತೋ ನನಗೆ ಗೊತ್ತಿಲ್ಲ.

ನನ್ನ ಮೇಲೆ ಸಿಟ್ಟು ಬಂದರೆ ಅದು ನ್ಯಾಯವೇ.

ಅನುಶ್ರೀ


ಕುಶಾಲನಗರದ ಬಳಿಯಿಂದ
30-7-2024

ಮಗಳೇ,

ಈ ಕಾಗದವನ್ನು ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಒಲೆಯ ಹತ್ತಿರ.

ಬೆಳಕಿನಿಂದ ಹೀಗಾಯಿತು ಎಂದು ನೀನು ಬರೆದ ಪತ್ರ ಓದಿದ ದಿನ ಸಮಾಧಾನವಾಗಿತ್ತು. ನಾನು ಮೊದಲೇ ಹೇಳಿದ್ದೆನಲ್ಲ ಎಂದು ಒಳಗೊಳಗೆ ಅನ್ನಿಸಿತು ಕೂಡ. ಆ ಸಮಾಧಾನ ನೆನೆದರೆ ಈಗ ನಾಚಿಕೆಯಾಗುತ್ತದೆ. ಇನ್ನು ಅದರ ಮೇಲೆ ದೂರು ಹಾಕಬೇಡ. ಟೀಚರ ಮೇಲೂ ಬೇಡ. ಅವರು ಹೇಳಿದ ಮಾರನೇ ದಿನವೇ ಎದುರು ಮನೆಯ ಬಾಣಂತಿ ತೊಟ್ಟಿಲ ಬಟ್ಟೆಯನ್ನೆಲ್ಲ ಬದಲಾಯಿಸಿದಳು. ನಾನು ಕಿಟಕಿಯಿಂದ ನೋಡಿದೆ.

ನೀನು ಟೀಚರಿಗೆ ಬರೆದ ಕಾಗದವನ್ನು ಕೇಳಿ ಪಡೆದು ಓದಿದೆ. ನೀನು ಕೇಳಲು ಹೆದರಿದ್ದನ್ನು ನಾನೇ ಹೇಳುತ್ತೇನೆ. ಇತ್ತು. ಆಗಲೂ ಗುಳಿಗೆ ಇತ್ತು. ಮದುವೆಯಲ್ಲಿ ಪೆಟ್ಟಿಗೆ ಕೊಡುವಾಗ ನನ್ನ ಅಮ್ಮನೇ ಒಂದು ಹಿಡಿ ಹಾಕಿ ಕಳಿಸಿದ್ದಳು, ಬಟ್ಟೆ ಬಾಳಲಿ ಎಂದು. ಅವನಿಗೂ ಅದೇ ಆಗಿತ್ತೋ ಬೇರೇನೋ ಎಂದು ಈಗ ಯಾವ ಡಾಕ್ಟರೂ ಹೇಳಲಾರರು. ಟೀಚರನ್ನು ಕೇಳಿದೆ, ಅವರೂ ಹಾಗೇ ಹೇಳಿದರು. ಆ ಮಾತನ್ನು ಎಷ್ಟು ದಿನ ಮನಸ್ಸಿನಲ್ಲಿ ಹೊರಳಿಸಿದರೂ ಅದು ಅಲ್ಲೇ ನಿಲ್ಲುತ್ತದೆ.

ಪೆಟ್ಟಿಗೆಯನ್ನು ಅಂಗಳಕ್ಕೆ ಎಳೆದು ಎಲ್ಲ ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆದೆ. ಮಳೆ ಬಿಡಲಿಲ್ಲ. ನಡುಮನೆಯಲ್ಲಿ, ಅಡುಗೆಮನೆಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಹಾಕಿದೆ. ಬಗ್ಗದೆ ಓಡಾಡುವ ಹಾಗಿಲ್ಲ. ನಿನ್ನ ಅಪ್ಪ ಹೊಲದಿಂದ ಬಂದರು, ಹಗ್ಗದ ಕೆಳಗೆ ಬಗ್ಗಿ ಒಳಗೆ ಬಂದು, ‘ಏನಿದೆಲ್ಲ?’ ಎಂದರು. ಹೇಳಿದೆ. ಗಂಟು ಕಳಿಸಿದ್ದು, ಗುಳಿಗೆ, ಮಗು, ಎರಡು ಸಲ ಆಸ್ಪತ್ರೆ. ಆಮೇಲೆ ಅವನ ವಿಷಯವನ್ನೂ ಹೇಳಿದೆ. ಬಾಯಿಗೆ ಬರಬಾರದು ಎಂದವರ ಎದುರಿಗೇ ಹೇಳಿದೆ.

ಅವರು ಕೈಯಲ್ಲಿದ್ದ ಗುದ್ದಲಿಯನ್ನು ಮೂಲೆಗಿಟ್ಟರು. ಒಲೆಯ ಮುಂದೆ ಕೂತು ಹಸಿ ಪಂಚೆಯೊಂದನ್ನು ಕೈಯಲ್ಲಿ ಹಿಡಿದು ಬೆಂಕಿಗೆ ತಿರುಗಿಸುತ್ತಾ ಇದ್ದರು. ಒಣಗಿದ ಮೇಲೆ ಮೂಸಿ ನೋಡಿದರು. ‘ಇನ್ನೂ ಐತೆ’ ಎಂದು ಮತ್ತೆ ನೀರಿಗೆ ಹಾಕಿದರು. ಅವತ್ತಿನಿಂದ ದಿನವೂ ಇದೇ ನಡೆಯುತ್ತಿದೆ. ನಾನು ಒಗೆಯುತ್ತೇನೆ, ಅವರು ಮೂಸುತ್ತಾರೆ. ಅವರ ಮೂಗಿಗೆ ಒಂದು ಬಟ್ಟೆಯೂ ಇನ್ನೂ ಪಾಸಾಗಿಲ್ಲ. ಆಗುವುದೂ ಬೇಡ. ಮಗುವಿಗೆ ಅಂಗಡಿಯ ಹೊಸ ಬಟ್ಟೆಯನ್ನೇ ತೊಳೆದು ಹಾಕು. ಆಯಸ್ಸು ಹೇಗಾದರೂ ಬರಲಿ.

ಭಾನುವಾರ ತಿತಿಮತಿಗೆ ಬರುತ್ತೇನೆ ಎಂದು ಅವರಿಗೆ ಹೇಳಿದೆ. ಹೋಗು ಎನ್ನಲಿಲ್ಲ. ಆಣೆ ಬಿಡಿಸುವ ಮಾತೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮಲಗುವ ಮುಂಚೆ, ‘ಯಾವ ಬಸ್ಸು?’ ಎಂದರು. ಬೆಳಗಿನದು ಎಂದೆ. ‘ರೇವಣ್ಣಂಗೆ ಮುಂದಿನ ಸೀಟು ಹಿಡಿಯಾಕ್ ಹೇಳ್ತೀನಿ’ ಎಂದರು.

ನಿನ್ನ ಅತ್ತೆಗೆ ನನ್ನ ನಮಸ್ಕಾರ ಹೇಳು. ಅಳಿಯಂದಿರು ಅವತ್ತು ಮನೆಯಲ್ಲಿದ್ದರೆ ನೋಡಿದ ಹಾಗಾಗುತ್ತದೆ.

ಆಣೆ ನಿನ್ನ ಜೊತೆ ಮಾತಾಡಬಾರದು ಎಂದಷ್ಟೇ. ಮಗುವಿನ ಜೊತೆ ಮಾತಾಡಬಾರದೆಂದು ಯಾರೂ ಆಣೆ ಹಾಕಿಸಿಲ್ಲ. ನಿನಗೆ ಹೇಳಬೇಕಾದ್ದನ್ನೆಲ್ಲ ಅವನಿಗೆ ಹೇಳುತ್ತೇನೆ. ನೀನು ಪಕ್ಕದಲ್ಲಿ ಕೂತು ಅವನ ಮುಖವನ್ನೇ ನೋಡುತ್ತಿರು. ಎಡಗಡೆಯಿಂದ ಮಾತಾಡುತ್ತೇನೆ, ಬಲಗಡೆಯಿಂದ ಮಾತಾಡುತ್ತೇನೆ. ಕಣ್ಣು ತಿರುಗಿಸುತ್ತಾನೋ ನೋಡೋಣ. ಕಿವಿಯ ಪರೀಕ್ಷೆ ಆಗುವವರೆಗೆ ಕಾಯಲು ನನ್ನಿಂದ ಆಗುವುದಿಲ್ಲ.

ನಾನು ಬಾಗಿಲಲ್ಲೇ ನಿಂತಿರುತ್ತೇನೆ. ಮೊದಲು ನೀನು ಬಂದು ನನ್ನ ಸೆರಗನ್ನು ಮೂಸಿ ನೋಡು. ಬೇಜಾರು ಮಾಡಿಕೊಳ್ಳುವುದಿಲ್ಲ. ಏನೂ ವಾಸನೆ ಇಲ್ಲ ಎಂದು ನಿನಗೆ ಖಾತ್ರಿಯಾದ ಮೇಲೆ ಅವನನ್ನು ನನ್ನ ಕೈಗೆ ಕೊಡು.

ನಿನ್ನ
ಅಮ್ಮ